ಯಾವ ಬೆಲ್ಟ್ ಸರಿ ಇತ್ತು?

ನಮ್ಮ ಮನೆಯ ಕಪಾಟಿನಲ್ಲಿ ಒಂದು ಹಾಳೆ ಇದೆ. 2022ರ ಜನವರಿಯಲ್ಲಿ ಕಾರ್ ಕಂಪನಿಯ ಸರ್ವಿಸ್ ಸೆಂಟರಿನವರು ಕೊಟ್ಟಿದ್ದು. ಸಣ್ಣ ಅಕ್ಷರದ ಸಾಲುಗಳು, ಪ್ರತಿ ಸಾಲಿನ ಮುಂದೆ ನೀಲಿ ಪೆನ್ನಿನ ರೈಟ್ ಗುರುತು. ಬ್ಯಾಟರಿ ಸರಿ. ಬ್ರೇಕ್ ಆಯಿಲ್ ಸರಿ. ವೈಪರ್ ಸರಿ. ಬೆಲ್ಟ್ ಸರಿ. ಆ ಹಾಳೆ ಕೈಗೆ ಬಂದು ಏಳು ವಾರಕ್ಕೆ ನಮ್ಮ ಕಾರಿನ ಎಂಜಿನ್ ಹುಬ್ಬಳ್ಳಿ-ಧಾರವಾಡ ಬೈಪಾಸ್ ಮೇಲೆ ಓಡ್ತಾ ಓಡ್ತಾನೇ ನಿಂತುಹೋಯಿತು. ನಿಂತಿದ್ದಕ್ಕೆ ಕಾರಣ ಬೆಲ್ಟ್. ಇಷ್ಟು ಹೇಳಿದರೆ ಕೇಳಿದವರೆಲ್ಲ ತಕ್ಷಣ ಒಂದು ತೀರ್ಮಾನಕ್ಕೆ ಬರ್ತಾರೆ. ನಾನೂ ಬಂದಿದ್ದೆ. ಆದರೆ ಆ ಹಾಳೆಯಲ್ಲಿ ಬರೆದದ್ದು ಸುಳ್ಳಾಗಿರಲಿಲ್ಲ, ಮತ್ತು ಅದೇ ನನ್ನನ್ನು ಇವತ್ತಿಗೂ ಕೊರೆಯುತ್ತದೆ.

ಕಾರು 2013ರದು, ಪೆಟ್ರೋಲ್. ಅಪ್ಪ ರಿಟೈರ್ ಆಗುವ ಮುಂಚೆ ತಗೊಂಡಿದ್ದು. ಅಪ್ಪನ ಹತ್ತಿರ ಕಾರಿಗೆ ಅಂತಲೇ ಒಂದು ನೋಟ್‌ಬುಕ್ ಇದೆ. ಯಾವತ್ತು ಆಯಿಲ್ ಬದಲಾಯಿಸಿದ್ದು, ಎಷ್ಟು ಕಿಲೋಮೀಟರಿಗೆ ಟೈರು, ಪಂಕ್ಚರ್ ಹಾಕಿಸಿದ್ದು ಕೂಡ ಅದರಲ್ಲಿ ಇರ್ತದೆ. 2021ರ ಆಯುಧ ಪೂಜೆ ಹೊತ್ತಿಗೆ ಮೀಟರ್ ಒಂದು ಲಕ್ಷ ದಾಟಿತ್ತು. ಹುಬ್ಬಳ್ಳಿಯಲ್ಲಿ ನಮ್ಮ ಗಾಡಿ ನೋಡುವ ಮೇಸ್ತ್ರಿಯೊಬ್ಬರು ಇದ್ದಾರೆ, ನಾವೆಲ್ಲ ಚಾಚಾ ಅಂತ ಕರೆಯುತ್ತೇವೆ. ಅವರು ಆಗಲೇ ಹೇಳಿದ್ದರು: “ಸಾಹೇಬ್ರ, ಟೈಮಿಂಗ್ ಬೆಲ್ಟ್ ಈ ಸಲ ಬದ್ಲಿ ಮಾಡಿಸಿಬಿಡ್ರಿ.” ಅಪ್ಪ ನೋಟ್‌ಬುಕ್‌ನಲ್ಲಿ ಬರೆದುಕೊಂಡರು. ಸಂಕ್ರಾಂತಿ ಆದ ಮೇಲೆ ಮಾಡಿಸೋಣ ಅಂದರು.

ಸಂಕ್ರಾಂತಿಗೆ ಮುಂಚೆ ಕಂಪನಿಯ ಪತ್ರ ಬಂತು.

ಪತ್ರ ಬಂದಾಗ ಮನೆಯಲ್ಲಿ ಆದದ್ದು

ರೀಕಾಲ್ ಪತ್ರ ಅದು. ಪೆಟ್ರೋಲ್ ಟ್ಯಾಂಕಿನೊಳಗೆ ಇರುವ ಪಂಪಿನಲ್ಲಿ ದೋಷ ಇರಬಹುದು ಅಂತ. ಪಂಪಿನ ಒಳಗೆ ಪ್ಲಾಸ್ಟಿಕ್ಕಿನ ಒಂದು ಸಣ್ಣ ಚಕ್ರ ಇರುತ್ತದೆ, ಪೆಟ್ರೋಲನ್ನು ಮುಂದಕ್ಕೆ ತಳ್ಳುವುದು ಅದೇ. ಅದು ಉಬ್ಬಿ ಸಿಕ್ಕಿಕೊಂಡರೆ ಪೆಟ್ರೋಲ್ ಹೋಗುವುದಿಲ್ಲ, ಗಾಡಿ ಓಡುವಾಗಲೇ ಎಂಜಿನ್ ನಿಲ್ಲಬಹುದು. ಹಾಗಾಗಿ ಬನ್ನಿ, ಉಚಿತವಾಗಿ ಬದಲಿಸಿಕೊಡ್ತೇವೆ. ಓದಿ ಅವ್ವ ಹೆದರಿದರು. ನನಗೆ ನಿಜ ಹೇಳಬೇಕೆಂದರೆ ಒಳ್ಳೆಯದೇ ಅನ್ನಿಸಿತ್ತು. ಒಂಬತ್ತು ವರ್ಷದ ಹಳೆ ಕಾರಿನ ಷಾಸಿ ನಂಬರ್ ಹುಡುಕಿ, ನಮ್ಮ ವಿಳಾಸ ಹುಡುಕಿ, ತಪ್ಪು ನಮ್ಮದು ಅಂತ ಪತ್ರ ಬರೆಯೋದು ಸಣ್ಣ ಮಾತಲ್ಲ. ನಮ್ಮ ದೇಶದಲ್ಲಿ ಇದು ಬಹಳ ಹಳೆಯ ಪದ್ಧತಿಯೂ ಅಲ್ಲ. ವಾಹನ ತಯಾರಕರ ಸಂಘ ತಾನಾಗಿ ಒಂದು ನಿಯಮ ಮಾಡಿಕೊಂಡಿದ್ದು 2012ರಲ್ಲಿ. ಸರ್ಕಾರವೇ ರೀಕಾಲ್ ಮಾಡಿ ಅಂತ ಹೇಳಬಹುದು ಎಂಬ ಕಲಂ, ಅಂದರೆ 110ಎ, ಮೋಟಾರು ವಾಹನ ಕಾಯ್ದೆಗೆ ಸೇರಿದ್ದು 2019ರ ತಿದ್ದುಪಡಿಯಲ್ಲಿ. ಅದರ ವಿವರವಾದ ನಿಯಮಗಳು ಜಾರಿಗೆ ಬಂದಿದ್ದು 2021ರ ಏಪ್ರಿಲ್ 1ರಿಂದ. ಅದೂ ಏಳು ವರ್ಷದೊಳಗಿನ ಗಾಡಿಗಳಿಗೆ ಮಾತ್ರ. ನಮ್ಮದು ಆ ಲೆಕ್ಕದಿಂದ ಹೊರಗೆ. ಕಂಪನಿ ತಾನಾಗಿ ಕರೆಯದಿದ್ದರೆ ನಮ್ಮನ್ನು ಕೇಳುವವರೇ ಇರಲಿಲ್ಲ. ಹಾಗಾಗಿ ಪಂಪ್ ವಿಷಯದಲ್ಲಿ ಅವರ ಮೇಲೆ ನನಗೆ ಈಗಲೂ ಗೌರವ ಇದೆ.

ಅಪ್ಪ ಚಾಚಾನ ಹತ್ತಿರ ಬೆಲ್ಟ್ ಮಾಡಿಸಲು ಹೊರಟವರು ನಿಂತರು. ನಿಲ್ಲಿಸಿದ್ದು ನಾನು. “ಹೆಂಗೂ ಕಂಪನಿಯವರ ಹತ್ರ ಹೋಗಾಕತ್ತೇತಿ ಅಪ್ಪಾ, ಅವರು ಎಲ್ಲಾ ನೋಡ್ತಾರ. ಬೆಲ್ಟ್ ಹೋಗಿದ್ರ ಅವರ ಹೇಳ್ತಾರ” ಅಂದೆ. ಈ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ.

ಸರ್ವಿಸ್ ಸೆಂಟರಿನಲ್ಲಿ ಮೂರು ಗಂಟೆ ಕೆಲಸ. ಹಿಂದಿನ ಸೀಟ್ ಎತ್ತಿ, ಕೆಳಗಿನ ಮುಚ್ಚಳ ತೆಗೆದು, ಹಳೆ ಪಂಪ್ ಹೊರಗೆ, ಹೊಸದು ಒಳಗೆ. ಹುಡುಗರು ಮರ್ಯಾದೆಯಿಂದ ಮಾತಾಡಿದರು, ಗಾಡಿ ತೊಳೆದೂ ಕೊಟ್ಟರು. ಕೊನೆಗೆ ಉಚಿತ ತಪಾಸಣೆ ಅಂತ ಆ ಹಾಳೆ. ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು, “ಬೆಲ್ಟ್: ಸರಿ” ಎಂಬಲ್ಲಿ ಬೆರಳಿಟ್ಟರು, ನನ್ನ ಮುಖ ನೋಡಿ ತಲೆ ಆಡಿಸಿದರು. ಮನೆಗೆ ಬಂದು ನೋಟ್‌ಬುಕ್‌ನಲ್ಲಿ ಚಾಚಾ ಹೇಳಿದ ಸಾಲಿನ ಪಕ್ಕ ಬರೆದರು: ಕಂಪನಿಯವರು ನೋಡಿದ್ದಾರೆ, ಸದ್ಯಕ್ಕೆ ಬೇಡ.

ಬ್ಯಾಡಗಿಯಿಂದ ಬರುವಾಗ

ಮಾರ್ಚ್ ಮೊದಲ ವಾರ. ವರ್ಷದ ಖಾರದ ಪುಡಿಗೆ ಮೆಣಸಿನಕಾಯಿ ತರಲು ನಾನೂ ಅಪ್ಪನೂ ಬ್ಯಾಡಗಿಗೆ ಹೋಗಿದ್ದೆವು. ಇದು ನಮ್ಮ ಮನೆಯ ಹಳೆಯ ರೂಢಿ. ಧಾರವಾಡದಲ್ಲೇ ಸಿಗ್ತದೆ, ಆದರೂ ಅಪ್ಪನಿಗೆ ಅಲ್ಲಿಗೇ ಹೋಗಿ, ಕೈಯಲ್ಲಿ ಹಿಡಿದು, ಸುಕ್ಕು ನೋಡಿ, ಮುರಿದು ಮೂಸಿ ತರಬೇಕು. ಕಡ್ಡಿ ತಳಿ ಸ್ವಲ್ಪ, ಡಬ್ಬಿ ತಳಿ ಜಾಸ್ತಿ. ಡಿಕ್ಕಿಯಲ್ಲಿ ಎರಡು ಚೀಲ. ಹಾವೇರಿ, ಬಂಕಾಪುರ, ಶಿಗ್ಗಾಂವಿ, ತಡಸ ದಾಟಿ ಬರುವವರೆಗೆ ಏನೂ ತೊಂದರೆ ಇರಲಿಲ್ಲ. ಗಬ್ಬೂರಿನ ಹತ್ತಿರ ಬೈಪಾಸಿಗೆ ತಿರುಗಿದೆವು.

ಆಗಿನ ಬೈಪಾಸ್ ಹೇಗಿತ್ತು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಗಬ್ಬೂರಿನಿಂದ ನರೇಂದ್ರದವರೆಗೆ ಸುಮಾರು ಮೂವತ್ತು ಕಿಲೋಮೀಟರ್, ಎರಡೇ ಲೇನು, ನಡುವೆ ಡಿವೈಡರ್ ಇಲ್ಲ, ಪುಣೆ-ಬೆಂಗಳೂರು ಲಾರಿಗಳೆಲ್ಲ ಅದರ ಮೇಲೇ. 2021ರ ಜನವರಿಯಲ್ಲಿ ಇಟ್ಟಿಗಟ್ಟಿ ಹತ್ತಿರ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೊಗೂ ಟಿಪ್ಪರಿಗೂ ಡಿಕ್ಕಿಯಾಗಿದ್ದು ಇದೇ ರಸ್ತೆಯಲ್ಲಿ. ಅದಾದ ಮೇಲೆ ನಾನು ಬೈಪಾಸ್ ಮೇಲೆ ಓಡಿಸುವಾಗ ಮಾತೇ ಆಡುತ್ತಿರಲಿಲ್ಲ.

ತಾರಿಹಾಳ ದಾಟಿ ಸ್ವಲ್ಪ ಮುಂದೆ ಬಂದಿದ್ದೆವು. ಎಪ್ಪತ್ತರ ಸ್ಪೀಡು ಇರಬೇಕು. ಮುಂದೆ ಒಂದು ಟಟ್ ಅಂತ ಸದ್ದು, ಬಾರುಕೋಲಿನಿಂದ ಹೊಡೆದ ಹಾಗೆ. ಅಷ್ಟೇ. ಎಂಜಿನ್ ಸದ್ದು ಇಲ್ಲ. ಗಾಡಿ ಓಡ್ತಾ ಇದೆ, ಆದರೆ ಒಳಗೆ ಜೀವ ಇಲ್ಲ. ಮೀಟರ್ ಹತ್ತಿರ ಬ್ಯಾಟರಿಯದೂ ಆಯಿಲಿನದೂ ಕೆಂಪು ದೀಪ ಒಟ್ಟಿಗೇ ಹತ್ತಿದವು. ಸ್ಟೀರಿಂಗ್ ಕಲ್ಲಿನ ಹಾಗೆ ಗಟ್ಟಿಯಾಯಿತು. ಹಿಂದೆ ಲಾರಿಯ ಹಾರ್ನ್. “ಎಡಕ್ಕ ತಗೋ, ಎಡಕ್ಕ ತಗೋ” ಅಂತ ಅಪ್ಪ. ಆ ಕ್ಷಣಕ್ಕೆ ನನ್ನ ಕೈ ಚಾವಿಯ ಕಡೆಗೆ ಹೋಗಿತ್ತು, ಆಫ್ ಮಾಡಿ ಮತ್ತೆ ಹಾಕಲು. ಅಪ್ಪ ನನ್ನ ಕೈ ಹಿಡಿದರು. ಅವರು ಹಿಡಿಯದಿದ್ದರೆ ಏನಾಗ್ತಿತ್ತೋ, ಯಾಕೆಂದರೆ ಗಾಡಿ ಓಡುವಾಗ ಚಾವಿ ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೆದರೆ ಸ್ಟೀರಿಂಗ್ ಲಾಕ್ ಆಗಬಹುದು. ಇನ್ನೊಂದು ವಿಷಯ ನನಗೆ ಆಮೇಲೆ ತಿಳಿದದ್ದು. ಎಂಜಿನ್ ನಿಂತರೂ ಬ್ರೇಕಿಗೆ ಸಹಾಯ ಮಾಡುವ ಬೂಸ್ಟರಿನಲ್ಲಿ ಒಂದೆರಡು ಸಲ ಒತ್ತುವಷ್ಟು ಶಕ್ತಿ ಉಳಿದಿರುತ್ತದೆ. ಹೆದರಿ ಪದೇ ಪದೇ ಒತ್ತಿ ಬಿಟ್ಟರೆ ಅದು ಖಾಲಿ, ಆಮೇಲೆ ಪೆಡಲ್ ಗಟ್ಟಿ. ಬ್ರೇಕ್ ಆಗಲೂ ಹಿಡಿಯುತ್ತದೆ, ಆದರೆ ಕಾಲಿನ ಪೂರ್ತಿ ಬಲ ಬೇಕು. ನಾನು ನ್ಯೂಟ್ರಲ್ ಮಾಡಿ, ನಾಲ್ಕೂ ಇಂಡಿಕೇಟರ್ ಹಾಕಿ, ಎರಡೂ ಕೈಯಿಂದ ಸ್ಟೀರಿಂಗ್ ಜಗ್ಗಿ, ಒಂದೇ ಸಲ ಬ್ರೇಕ್ ಹಿಡಿದು ಮಣ್ಣಿನ ಅಂಚಿಗೆ ಇಳಿಸಿದೆ. ಲಾರಿ ಕಾರಿನ ಮೈ ಸವರಿದ ಹಾಗೆ ಹೋಯಿತು. ಅದು ಎಬ್ಬಿಸಿದ ಗಾಳಿಗೆ ಗಾಡಿ ಅಲುಗಾಡಿತು.

ಕೆಳಗಿಳಿದು ಕೆಂಪು ತ್ರಿಕೋನವನ್ನು ಹಿಂದೆ ಐವತ್ತು ಹೆಜ್ಜೆ ದೂರ ಇಟ್ಟು ಬಂದೆ. ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಪಂಪ್. ಪತ್ರದಲ್ಲಿ ಏನು ಬರೆದಿದ್ದರೋ ಅದೇ ಆಯ್ತಲ್ಲ. ಎಂಜಿನ್ ನಿಲ್ಲಬಾರದು ಅಂತ ಹೊಸ ಪಂಪ್ ಹಾಕಿದರು, ಏಳು ವಾರಕ್ಕೆ ಎಂಜಿನ್ ನಿಂತಿತು. ಹಾಕುವಾಗ ಏನೋ ಬಿಟ್ಟಿದ್ದಾರೆ, ಕನೆಕ್ಟರ್ ಸಡಿಲ ಬಿಟ್ಟಿರಬೇಕು, ಅಥವಾ ಪೈಪ್. ಸಿಟ್ಟಿನಲ್ಲಿ ಅಳುವೇ ಬಂದಿತ್ತು. ಚಾಚಾಗೆ ಫೋನ್ ಹಚ್ಚಿದೆ. ಅವರು ಶಾಂತವಾಗಿ ಹೇಳಿದರು: “ಸೆಲ್ಫ್ ಹೊಡೀಬ್ಯಾಡ್ರಿ ಅಕ್ಕಾರ. ಸುಮ್ನ ಚಾವಿ ಆನ್ ಮಾಡ್ರಿ. ಹಿಂದಿನ ಸೀಟಿನ್ಯಾಗ ಯಾರರೆ ಕಿವಿ ಇಟ್ಟು ಕೇಳ್ರಿ.”

ಅಪ್ಪ ಹಿಂದೆ ಕುಳಿತರು. ಸೀಟಿಗೆ ಕಿವಿ ಹಚ್ಚಿದರು. ಬಿಸಿಲಿಗೆ ಕಾದ ಡಿಕ್ಕಿಯಿಂದ ಮೆಣಸಿನಕಾಯಿಯ ಘಾಟು ಒಳಗೆಲ್ಲ ತುಂಬಿತ್ತು, ಅವರು ಕೆಮ್ಮುತ್ತಿದ್ದರು, ಹೊರಗೆ ಲಾರಿಗಳು. ನಾನು ಚಾವಿ ಆನ್ ಮಾಡಿದೆ. ಅಪ್ಪ ಕೈ ಎತ್ತಿದರು. ಗುಂಯ್ ಅಂತ ಎರಡು ಸೆಕೆಂಡ್ ಸದ್ದು, ಆಮೇಲೆ ನಿಂತಿತು. “ಬಂತು ನೋಡು” ಅಂದರು. ಹಾಗೇ ಆಗಬೇಕಂತೆ. ಚಾವಿ ಹಾಕಿದಾಗ ಪಂಪ್ ಸ್ವಲ್ಪ ಹೊತ್ತು ಓಡಿ ಒತ್ತಡ ತುಂಬಿಸುತ್ತದೆ, ಎಂಜಿನ್ ತಿರುಗದಿದ್ದರೆ ತಾನಾಗಿ ನಿಲ್ಲುತ್ತದೆ. ಅಂದರೆ ಪಂಪಿಗೆ ಕರೆಂಟ್ ಹೋಗ್ತಾ ಇದೆ, ಪಂಪ್ ತಿರುಗ್ತಾ ಇದೆ. ಇಷ್ಟು ಕೇಳಿದ ಮೇಲೂ ನಾನು ನಂಬಲಿಲ್ಲ. ಇನ್ನೂ ಮೂರ್ನಾಲ್ಕು ಸಲ ಆನ್ ಮಾಡಿಸಿದೆ. ಪ್ರತಿ ಸಲ ಅದೇ ಗುಂಯ್. ಸಿಟ್ಟು ಮಾಡಿಕೊಳ್ಳಲು ಒಬ್ಬರು ಸಿಕ್ಕಿದ್ದರು, ಅವರನ್ನು ಬಿಡಲು ಮನಸ್ಸು ಒಪ್ಪುತ್ತಿರಲಿಲ್ಲ.

ಗ್ಯಾರೇಜಿನಲ್ಲಿ

ಟೋ ಮಾಡಿಸಿಕೊಂಡು ಹುಬ್ಬಳ್ಳಿಗೆ ಒಯ್ದೆವು. ಚಾಚಾ ಬಾನೆಟ್ ಎತ್ತಿದರು. ಎಂಜಿನ್ನಿನ ಪಕ್ಕದ ಪ್ಲಾಸ್ಟಿಕ್ ಕವರಿನ ಮೇಲಿನ ಬೋಲ್ಟುಗಳನ್ನು ಬಿಚ್ಚಿದರು. ಅದರೊಳಗೆ ಕೈ ಹಾಕಿ ಎಳೆದರು. ಕಪ್ಪು ರಬ್ಬರಿನ ಪಟ್ಟಿ, ಹಲ್ಲುಗಳು ಉದುರಿ ಬೋಳಾಗಿತ್ತು, ಒಂದು ಕಡೆ ಹರಿದು ನಾರು ಹೊರಗೆ ಬಂದಿತ್ತು. “ಟೆನ್ಷನರ್ ಬೇರಿಂಗ್ ಹಿಡದೇತ್ರಿ. ಅದು ಹಿಡದು ಇದನ್ನ ಹರದೇತಿ” ಅಂದರು. ಟೆನ್ಷನರ್ ಅಂದರೆ ಬೆಲ್ಟನ್ನು ಬಿಗಿಯಾಗಿ ಇಡುವ ಚಕ್ರ, ಅದು ತಿರುಗದೆ ಸಿಕ್ಕಿಕೊಂಡಿತ್ತು. ಅಪ್ಪ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು.

ಟೈಮಿಂಗ್ ಬೆಲ್ಟ್ ಮಾಡುವ ಕೆಲಸ ಒಂದೇ. ಪಿಸ್ಟನ್‌ಗಳಿಗೆ ಕೂಡಿದ ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ, ವಾಲ್ವ್ ತೆರೆದು ಮುಚ್ಚಿಸುವ ಮೇಲಿನ ಕ್ಯಾಮ್ ಒಂದು ಸುತ್ತು ಸುತ್ತಬೇಕು, ಒಂದು ಹಲ್ಲೂ ತಪ್ಪಬಾರದು. ಪಿಸ್ಟನ್ ಮೇಲೆ ಬರುವಾಗ ವಾಲ್ವ್ ದಾರಿ ಬಿಟ್ಟಿರಬೇಕು. ಬೆಲ್ಟ್ ಹರಿದರೆ ಕ್ಯಾಮ್ ಇದ್ದಲ್ಲೇ ನಿಲ್ಲುತ್ತದೆ, ಕೆಲವು ವಾಲ್ವ್ ತೆರೆದೇ ಇರುತ್ತವೆ. ಕ್ರ್ಯಾಂಕ್ ಮಾತ್ರ ಗಾಡಿಯ ವೇಗಕ್ಕೆ ತಿರುಗ್ತಾನೇ ಇರುತ್ತದೆ. ಪಿಸ್ಟನ್ ಬಂದು ವಾಲ್ವಿಗೆ ಗುದ್ದುತ್ತದೆ. ಎಲ್ಲಾ ಎಂಜಿನ್ನಿನಲ್ಲಿ ಹೀಗಾಗುವುದಿಲ್ಲ, ಕೆಲವದರಲ್ಲಿ ಎರಡರ ನಡುವೆ ಜಾಗ ಬಿಟ್ಟಿರುತ್ತಾರೆ, ಬೆಲ್ಟ್ ಹರಿದರೂ ಹೊಸದು ಹಾಕಿ ಓಡಿಸಬಹುದು. ನಮ್ಮದು ಆ ಜಾತಿಯದಲ್ಲ. ಚಾಚಾ ಸೆಲ್ಫ್ ಹೊಡೀಬೇಡಿ ಅಂದಿದ್ದು ಅದಕ್ಕೇ, ಪ್ರತಿ ಸಲ ಹೊಡೆದಾಗಲೂ ಬಾಗಿದ ವಾಲ್ವ್ ಇನ್ನಷ್ಟು ಬಾಗಬಹುದು. ವಾಲ್ವ್ ಇರುವ ಮೇಲಿನ ಭಾಗ, ಅಂದರೆ ಹೆಡ್, ಇಳಿಸಿ ನೋಡಿದಾಗ ಎಂಟು ವಾಲ್ವ್ ಬಾಗಿದ್ದವು. ಲೇತಿಗೆ ಕಳಿಸಬೇಕಾಯಿತು. ಹನ್ನೊಂದು ದಿನ, ನಲವತ್ತೊಂದು ಸಾವಿರದ ಆರುನೂರು ರೂಪಾಯಿ. ಜನವರಿಯಲ್ಲೇ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಸೇರಿಸಿ ಬದಲಿಸಿದ್ದರೆ ಚಾಚಾ ಹೇಳಿದ್ದ ಲೆಕ್ಕ ಏಳೂವರೆ ಸಾವಿರ.

ನಾನು ಆ ಹಾಳೆಯನ್ನು ಚಾಚಾಗೆ ತೋರಿಸಿದೆ. ನೋಡಿ ಇಲ್ಲಿ, ಬೆಲ್ಟ್ ಸರಿ ಅಂತ ಬರೆದಿದ್ದಾರೆ ಅಂದೆ. ಅವರು ಕೈ ಒರೆಸಿಕೊಂಡು ಹಾಳೆ ತಗೊಂಡರು, ಓದಿದರು, ಆಮೇಲೆ ಎಂಜಿನ್ನಿನ ಹೊರಗೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ ಸುತ್ತಿದ್ದ ಇನ್ನೊಂದು ಬೆಲ್ಟಿನ ಮೇಲೆ ಬೆರಳಿಟ್ಟರು. “ಇದರೀ ಅವರು ನೋಡಿದ್ದು. ಇದು ಚಲೋ ಐತಿ. ಅವರು ಸುಳ್ಳ ಬರದಿಲ್ಲ.” ಒಳಗಿನದು ನೋಡಬೇಕಂದರೆ ಕವರ್ ಬಿಚ್ಚಬೇಕು, ಉಚಿತ ತಪಾಸಣೆಯಲ್ಲಿ ಅದನ್ನೆಲ್ಲ ಯಾರೂ ಬಿಚ್ಚೋದಿಲ್ಲ ಅಂದರು. ಕಂಪನಿಯವರನ್ನು ಬೈಯಲಿ ಅಂತ ನಾನು ಕಾಯ್ತಾ ಇದ್ದೆ. ಬೈದಿದ್ದರೆ ಅವರಿಗೇ ಲಾಭ ಇತ್ತು, ಎರಡು ತಿಂಗಳ ಹಿಂದೆ ಅವರ ಮಾತು ಬಿಟ್ಟು ಅಲ್ಲಿಗೆ ಹೋದವರು ನಾವು. ಅವರು ಬೈಯಲಿಲ್ಲ. ಆ ದಿನ ಅವರು ತೋರಿಸಿದ ಪ್ರಾಮಾಣಿಕತೆ ನನಗೆ ದೊಡ್ಡದು.

ಆದ ಮೇಲೆ, ಆದ್ದರಿಂದ

ಆಮೇಲೂ ಊರಲ್ಲಿ ಎಲ್ಲರೂ ಅನ್ನುತ್ತಿದ್ದದ್ದು ಒಂದೇ: ಕಂಪನಿಯವರು ಮುಟ್ಟಿದ ಮೇಲೇ ಕೆಟ್ಟಿದ್ದು. ಬಾವಿ ತೋಡಿದ ಮೇಲೆ ಮಳೆ ಬಂದರೆ ಬಾವಿಯಿಂದ ಮಳೆ ಬಂತು ಅನ್ನೋಕಾಗುತ್ತಾ? ಪಂಪ್ ಇರೋದು ಹಿಂದಿನ ಸೀಟಿನ ಕೆಳಗೆ, ಬೆಲ್ಟ್ ಇರೋದು ಬಾನೆಟ್ ಒಳಗೆ. ಒಂದಕ್ಕೊಂದು ಸಂಬಂಧವೇ ಇಲ್ಲ. ರಿಪೇರಿಯಲ್ಲಿ ತಪ್ಪಾಗಿದ್ದರೆ ಅದಕ್ಕೆ ಬೇರೆ ಲಕ್ಷಣ ಇರ್ತಿತ್ತು. ಪೆಟ್ರೋಲ್ ವಾಸನೆ, ಸ್ಟಾರ್ಟ್ ಆಗಲು ತಡ, ಏರಿನಲ್ಲಿ ಜಗ್ಗದಿರೋದು, ಚಾವಿ ಹಾಕಿದಾಗ ಆ ಗುಂಯ್ ಇಲ್ಲದಿರೋದು. ನಮಗೆ ಇದ್ಯಾವುದೂ ಇರಲಿಲ್ಲ. ಆ ಟಟ್ ಸದ್ದು ಇತ್ತು. ಆಮೇಲೆ ಗ್ಯಾರೇಜಿನಲ್ಲಿ ಚಾಚಾ ಒಂದೇ ಒಂದು ಸಲ ಸೆಲ್ಫ್ ಮುಟ್ಟಿ ಕೇಳಿಸಿದರು, ಎಂಜಿನ್ ಭಾರವೇ ಇಲ್ಲದ ಹಾಗೆ ಹಗುರಾಗಿ ತಿರುಗಿತು. ಬೆಲ್ಟ್ ಹರಿದ ಎಂಜಿನ್ನಿನ ಆ ಸದ್ದು ಒಮ್ಮೆ ಕೇಳಿದರೆ ಮರೆಯೋದಿಲ್ಲ.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ನನ್ನ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಹಾಳೆ ತಗೊಂಡು ಸರ್ವಿಸ್ ಸೆಂಟರಿಗೆ ಹೋದೆ. ಅಲ್ಲಿನ ಮ್ಯಾನೇಜರ್ “ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಮೇಡಂ” ಅಂದರು. ಇಲ್ಲ ಅಂತ ನನಗೂ ಗೊತ್ತು ಅಂದೆ. ಅವರಿಗೆ ಆಶ್ಚರ್ಯ ಆಯಿತು. ಜಾಬ್ ಕಾರ್ಡಿನಲ್ಲಿ ನೀವೇ ಬರೆದಿದ್ದೀರಿ, 1,03,000 ಕಿಲೋಮೀಟರ್ ಅಂತ. ನಮ್ಮ ಷಾಸಿ ನಂಬರ್ ಹಾಕಿದರೆ ನಿಮ್ಮ ಕಂಪ್ಯೂಟರಿನಲ್ಲಿ ಎಲ್ಲ ಬರುತ್ತದೆ. ಒಂದು ಲಕ್ಷಕ್ಕೆ ಟೈಮಿಂಗ್ ಬೆಲ್ಟ್ ಬದಲಿಸಬೇಕು ಅಂತ ನಿಮ್ಮದೇ ಪುಸ್ತಕದಲ್ಲಿದೆ. ನೀವು ಬದಲಿಸಿದ ದಾಖಲೆ ಇಲ್ಲ. ಮೂರು ಗಂಟೆ ಗಾಡಿ ನಿಮ್ಮ ಹತ್ತಿರ ಇತ್ತು. “ಬೆಲ್ಟ್ ಬದಲಿಸಿದ್ದೀರಾ?” ಅಂತ ಒಂದು ಮಾತು ಕೇಳಲು ಎಷ್ಟು ಹೊತ್ತು ಬೇಕಿತ್ತು? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ರೀಕಾಲ್ ಕೆಲಸಕ್ಕೆ ಬಂದ ಗಾಡಿಗೆ ರೀಕಾಲ್ ಕೆಲಸ ಮಾತ್ರ ಮಾಡಬೇಕು ಅಂತ ನಿಯಮ, ಬೇರೆ ಕೆಲಸ ಹೇಳಿದರೆ ಉಚಿತ ಅಂತ ಕರೆದು ಬಿಲ್ ಮಾಡ್ತಾರೆ ಅಂತ ಗಿರಾಕಿಗಳು ಜಗಳ ತೆಗೀತಾರೆ ಅಂದರು. ಆ ಮಾತಿನಲ್ಲೂ ನಿಜ ಇದೆ. ನಾವೇ ಹಾಗೆ ಅಂದುಕೊಳ್ತಿದ್ದೆವೋ ಏನೋ.

ಆದರೆ ಹಾಗಿದ್ದರೆ ಆ ಹಾಳೆ ಯಾಕೆ ಕೊಡ್ತಾರೆ? ಅದನ್ನು ಕೊಡದೇ ಇದ್ದಿದ್ದರೆ ಅಪ್ಪ ಚಾಚಾನ ಹತ್ತಿರ ಹೋಗ್ತಿದ್ದರು. ಪಂಪ್ ಬದಲಿಸಿದ್ದೇವೆ, ಉಳಿದದ್ದು ನೋಡಿಲ್ಲ ಅಂತ ಬರೆದಿದ್ದರೂ ಹೋಗ್ತಿದ್ದರು. ಕಂಪನಿಯ ಹೆಸರಿರುವ ಕಾಗದದಲ್ಲಿ ಒಂದು ಪದ ಇತ್ತು, ಆ ಪದಕ್ಕೆ ಅವರ ಅರ್ಥ ಒಂದು, ಎಪ್ಪತ್ತು ವರ್ಷದ ನಮ್ಮಪ್ಪನ ಅರ್ಥ ಇನ್ನೊಂದು. ಗಾಡಿಯಲ್ಲಿ ಎರಡು ಬೆಲ್ಟ್ ಇರುತ್ತವೆ ಅಂತ ಅಪ್ಪನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಬೆಲ್ಟ್ ಅಂತ ಓದಿದಾಗ ನಮ್ಮ ತಲೆಯಲ್ಲಿ ಇದ್ದದ್ದು ನಾವು ಚಿಂತೆ ಮಾಡ್ತಿದ್ದ ಬೆಲ್ಟು. ಕಣ್ಣು ಆಸ್ಪತ್ರೆಯಲ್ಲಿ ತೋರಿಸಿ ಬಂದು ಹೃದಯ ಚೆನ್ನಾಗಿದೆ ಅಂದುಕೊಂಡ ಹಾಗೆ ಆಯಿತು ನಮ್ಮದು. ರೀಕಾಲ್ ಅಂದರೆ ಒಂದು ಭಾಗ. ಉಳಿದ ಗಾಡಿಗೆ ಅದರ ವಯಸ್ಸು ಹಾಗೇ ಇರುತ್ತದೆ, ರಬ್ಬರ್ ಓಡದೆ ನಿಂತರೂ ಹಳೆಯದಾಗುತ್ತದೆ.

ಗ್ರಾಹಕರ ಆಯೋಗಕ್ಕೆ ಹೋಗಿ ಅಂತ ಕೆಲವರು ಹೇಳಿದರು, ಧಾರವಾಡದಲ್ಲೇ ಇದೆ, ಎರಡು ವರ್ಷದೊಳಗೆ ದೂರು ಕೊಡಬಹುದು. ನಾನು ಹೋಗಲಿಲ್ಲ. ರಿಪೇರಿಯಿಂದ ಕೆಟ್ಟಿತು ಅಂತ ಬರೆದರೆ ಅದು ನಿಜ ಆಗ್ತಿರಲಿಲ್ಲ. ಬದಲಿಗೆ ಕಂಪನಿಗೆ ಒಂದು ಪತ್ರ ಬರೆದೆ, ಕನ್ನಡದಲ್ಲೇ, ಎರಡು ಪುಟ. ದುಡ್ಡು ಕೇಳಲಿಲ್ಲ. ಹಾಳೆಯಲ್ಲಿ ಬೆಲ್ಟ್ ಅಂತ ಇರುವ ಕಡೆ ಯಾವ ಬೆಲ್ಟ್ ಅಂತ ಬರೆಯಿರಿ, ಕಿಲೋಮೀಟರ್ ದಾಟಿದ ಗಾಡಿ ಬಂದರೆ ಬಾಯಿಮಾತಿನಲ್ಲಾದರೂ ಹೇಳಿ ಅಂತ ಕೇಳಿದೆ. ತಮ್ಮ ಸಲಹೆಗೆ ಧನ್ಯವಾದ ಅಂತ ಉತ್ತರ ಬಂತು.

ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ನಿಲ್ಲಿಸಿದ್ದು ನಾನು ಅಂತ ಅವರಿಗೆ ನೆನಪಿಲ್ಲದೆ ಇಲ್ಲ. ನೋಟ್‌ಬುಕ್‌ನಲ್ಲಿ “ಸದ್ಯಕ್ಕೆ ಬೇಡ” ಅಂತ ಬರೆದದ್ದನ್ನು ಹೊಡೆದುಹಾಕಿ, ಕೆಳಗೆ ಹೊಸ ಬೆಲ್ಟಿನ ತಾರೀಖು, ಕಿಲೋಮೀಟರ್, ಮುಂದೆ ಯಾವಾಗ ಅನ್ನುವುದು ಬರೆದಿದ್ದಾರೆ. ಹೆದ್ದಾರಿ ಸಹಾಯವಾಣಿ 1033 ಅಂತ ಒಂದು ಚೀಟಿ ಮಾಡಿ ಕಾರಿನೊಳಗೆ ಅಂಟಿಸಿದ್ದಾರೆ.

ಹೋದ ಆಗಸ್ಟಿನಲ್ಲಿ ನಮ್ಮ ಓಣಿಯ ಮಾಸ್ತರರೊಬ್ಬರಿಗೆ ಅವರ ಕಾರಿನ ರೀಕಾಲ್ ಮೆಸೇಜ್ ಬಂತು. ಬೇರೆ ಕಂಪನಿ, ಬೇರೆ ದೋಷ. ಅವರು ನೇರ ಅಪ್ಪನ ಹತ್ತಿರ ಬಂದರು. ಅಪ್ಪ ಗಾಡಿಯ ಪುಸ್ತಕ ತರಿಸಿ ಕೂತು ನೋಡಿದರು. ಅವರದಕ್ಕೆ ಟೈಮಿಂಗ್ ಚೈನ್, ಬೆಲ್ಟ್ ಅಲ್ಲ. ಆದರೆ ಕೂಲೆಂಟ್ ಆರು ವರ್ಷದಿಂದ ಬದಲಿಸಿಲ್ಲ ಅಂತ ಗೊತ್ತಾಯಿತು. ಕೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟು ಕಳಿಸಿದರು. ಮಧ್ಯಾಹ್ನ ಸರ್ವಿಸ್ ಸೆಂಟರಿನಿಂದ ಮಾಸ್ತರರ ಫೋನ್. “ಕಾಕಾ, ಇವರು ಇಲ್ಲಿ ಬೆಲ್ಟ್ ಸರಿ ಅಂತ ಬರದಾರ. ಚೈನ್ ಐತಿ ಅಂದ್ರಲ್ಲ ನೀವು, ಯಾವ ಬೆಲ್ಟ್ ಇದು?” ಅಪ್ಪ ಊಟ ಬಿಟ್ಟು ಎದ್ದು ಹೋಗಿ ಮಾತಾಡಿದರು. ಹೊರಗಿನದು ಅಂತ ಬರೆಸಿಕೊಳ್ರಿ, ಸಹಿ ಹಾಕಿಸ್ಕೊಳ್ರಿ ಅಂದರು. ಸಂಜೆ ಮಾಸ್ತರರು ಹಾಳೆ ತಂದು ತೋರಿಸಿದರು. ಅದೇ ಸಣ್ಣ ಅಕ್ಷರದ ಸಾಲುಗಳು, ಅದೇ ನೀಲಿ ರೈಟ್ ಗುರುತುಗಳು, ಬೆಲ್ಟಿನ ಸಾಲಿನ ಪಕ್ಕ ಯಾರೋ ಹುಡುಗ ಕೈಯಿಂದ ಬರೆದಿದ್ದ: ಹೊರಗಿನದು ಮಾತ್ರ.